ಮೊದಲ ಬೋರ್ಡಿನ ಎದುರಾಳಿ

ರಾಷ್ಟ್ರೀಯ ತಂಡ ಚೆಸ್ ಲೀಗಿನ ಕೊನೆಯ ಸುತ್ತು. ತಂಡಕ್ಕೆ ನಾಲ್ಕು ಬೋರ್ಡು. ಲೀಗು ಶುರುವಾದ ಕಾಲದಿಂದಲೂ ಒಮ್ಮೆ ಬರೆಸಿದ ಆಟಗಾರರ ಕ್ರಮ ಬದಲಾಗುವಂತಿಲ್ಲ, ಬದಲಿ ಆಟಗಾರರನ್ನು ಕೂರಿಸುವಂತೆಯೂ ಇಲ್ಲ. ಮೂರು ಬೋರ್ಡು ಮುಗಿದಾಗ ಎರಡೂ ತಂಡ ಸಮಸಮವಾಗಿದ್ದವು. ಮೊದಲ ಬೋರ್ಡಿನಲ್ಲಿ ದರ್ಜಿ ಮೈಲಾರಪ್ಪ ಕೂತಿದ್ದ. ಎದುರಿನ ಕುರ್ಚಿ ಖಾಲಿ. ಅಲ್ಲಿ ಆಡಬೇಕಿದ್ದ ಸೀತಾಪತಿಗಳು ಹಿಂದಿನ ವಾರವಷ್ಟೇ ತೀರಿಕೊಂಡಿದ್ದರು.

ಆ ಎದುರು ತಂಡದ ಅಧ್ಯಕ್ಷ, ಲೀಗಿನ ಖರ್ಚನ್ನೆಲ್ಲ ಹೊರುವ ಗುರುಶಾಂತಯ್ಯ ಖಾಲಿ ಕುರ್ಚಿಯ ಹಿಂದೆ ನಿಂತು ಗುಡುಗಿದರು. "ಸೀತಾಪತಿ ಬಂದಿದ್ದಾರೆ. ನನ್ನ ಕಿವಿಯಲ್ಲಿ ನಡೆ ಹೇಳ್ತಾರೆ, ನಾನು ಕಾಯಿ ನಡೆಸ್ತೀನಿ. ಯಾರಾದ್ರೂ ಬೇಡ ಅಂತೀರೇನು?"

ತೀರ್ಪುಗಾರರು ನೆಲ ನೋಡಿದರು. ಮೈಲಾರಪ್ಪ ಖಾಲಿ ಕುರ್ಚಿಗೆ ಕೈಮುಗಿದು, "ಶುರು ಮಾಡೋಣ, ಸ್ವಾಮಿ" ಅಂದ.

ಗುರುಶಾಂತಯ್ಯ ಕಿವಿಗೊಟ್ಟು ಕಿವಿಗೊಟ್ಟು ಬಿಳಿ ಕಾಯಿ ನಡೆಸಿದರು. ಕಿಟಕಿ ಮುಚ್ಚಿದ್ದರೂ ಕೋಣೆ ತಣ್ಣಗಾಗತೊಡಗಿತು. ನೋಡಲು ಬಂದವರು ಮೆಲ್ಲಗೆ ಹಿಂದೆ ಸರಿದರು.

ಆಟ ಅರ್ಧಕ್ಕೆ ಬಂದಾಗ ಮೈಲಾರಪ್ಪ ಥಟ್ಟನೆ ಎದ್ದು, ಗಾಳಿಯಲ್ಲೇ ಕೈಕುಲುಕಿ, "ದೊಡ್ಡ ಮನಸ್ಸು ನಿಮ್ಮದು" ಎಂದ.

"ಏನಯ್ಯಾ ಅದು?"

"ಅವರು ಸೋಲೊಪ್ಪಿಕೊಂಡ್ರು ಬುದ್ಧಿ."

"ಸುಳ್ಳು! ನನಗೆ ಕೇಳಿಸಲೇ ಇಲ್ಲ!"

"ನಡೆ ನಿಮಗೆ ಹೇಳ್ತಾರೆ. ಸೋಲನ್ನ ಎದುರಾಳಿಗೆ ತಾನೇ ಹೇಳ್ಬೇಕು?"

ಎಲ್ಲರೂ ಗೊಳ್ಳೆಂದು ನಕ್ಕರು. ಗುರುಶಾಂತಯ್ಯನವರು ಬಯ್ಯಲು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ಬೋರ್ಡಿನ ಮೇಲೆ ಬಿತ್ತು. ಸೋತವರು ಮಲಗಿಸುವ ಹಾಗೆ ಬಿಳಿ ರಾಜ ಅಡ್ಡಬಿದ್ದಿದ್ದ. ಸೋಲಿಗೆ ರುಜು ಹಾಕಿ ಅವರು ಹೊರಗೆ ನಡೆದುಬಿಟ್ಟರು.

ತೀರ್ಪುಗಾರರು ಹತ್ತಿರ ಬಂದು ಪಿಸುಗುಟ್ಟಿದರು. "ಭೇಷ್! ರಾಜನನ್ನ ಯಾವಾಗ ಬೀಳಿಸಿದೆಯಪ್ಪಾ?"

ಮೈಲಾರಪ್ಪ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದ.

"ನಾನು ಮುಟ್ಟಿಲ್ಲ, ಸಾರ್."