ಹುಣಸೆಮರದ ಹಿಂದೆ ಬಿದ್ದ ಬೆಂಕಿ

ಹೊಳೆದಂಡೆಯ ಆ ಮಠದಲ್ಲಿ ಒಂದು ಪದ್ಧತಿಯಿತ್ತು. ಸಂಜೆ ದೀಪ ಹಚ್ಚಿದ ಮೇಲೆ ಶಿಷ್ಯರೆಲ್ಲ ಗುರು ಸಂಗಯ್ಯಜ್ಜಾರ ಎದುರು ಕೂತು, ಆ ದಿನ ತಾವು ಕಂಡ ಒಂದು ಸಂಗತಿ ಹೇಳಬೇಕು. ಕೇಳಿದ್ದಲ್ಲ, ಓದಿದ್ದಲ್ಲ, ಕಣ್ಣಾರೆ ಕಂಡದ್ದು.

ಈರಭದ್ರನಿಗೆ ಇದೊಂದು ತಲೆನೋವು. ವಯಸ್ಸು ಮೂವತ್ತು ದಾಟಿತ್ತು, ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಅವನ ಕಣ್ಣಿಗೆ ಬೀಳುತ್ತಿದ್ದದ್ದು ಬರೀ ಇರುವೆ ಸಾಲು, ಒಡೆದ ಮಡಕೆ. ಅವನ ಸರದಿ ಬಂದರೆ ಸಾಕು, ಉಳಿದವರು ಆಕಳಿಸುತ್ತಿದ್ದರು. ಪಾಪ, ಅವನಾದರೂ ಏನು ಮಾಡಿಯಾನು?

ಒಂದು ಮುಸ್ಸಂಜೆ ಅವನು ನೀರಿಗೆಂದು ಹೊಳೆಗೆ ಹೋದಾಗ ಆಕಾಶ ಝಗ್ಗನೆ ಬೆಳಗಿತು. ಹಸಿರು ಬೆಂಕಿಯ ಉಂಡೆಯೊಂದು ಕಿಡಿ ಉದುರಿಸುತ್ತ ಹಾದು, ಆಚೆ ದಂಡೆಯ ಹುಣಸೆಮರದ ಹಿಂದೆ ಮರೆಯಾಯಿತು. ಅವನಿಗೆ ಖುಷಿಯೋ ಖುಷಿ. ಅಂತೂ ಇವತ್ತು ಹೇಳಲಿಕ್ಕೆ ಒಂದು ಸಿಕ್ಕಿತ್ತು.

ಆ ಸಂಜೆ ಯಾರೂ ಆಕಳಿಸಲಿಲ್ಲ. ಎಲ್ಲಿ ಬಿತ್ತು, ಎಲ್ಲಿ ಬಿತ್ತು ಎಂದು ಎಲ್ಲರೂ ಮುಂದಕ್ಕೆ ಬಾಗಿದರು. ಹುಣಸೆಮರದ ಹಿಂದೆ ಇರುವುದು ನೀಲವ್ವನ ಮನೆಯೊಂದೇ.

"ನೀಲವ್ವನ ಮನೆ ಮೇಲೇ ಬಿತ್ತು" ಎಂದುಬಿಟ್ಟ ಈರಭದ್ರ.

"ಕಂಡೆಯಾ?" ಅಜ್ಜಾರು ಕೇಳಿದರು.

"ಕಂಡೆ."

ಬಾಗಿಲಲ್ಲಿ ಕೂತು ಕೇಳುತ್ತಿದ್ದ ಹರಿಗೋಲಿನ ಹುಲಿಗೆಪ್ಪ ಆ ಮಾತನ್ನು ಆಗಲೇ ಆಚೆ ದಂಡೆಗೆ ಮುಟ್ಟಿಸಿದ.

ಬೆಳಿಗ್ಗೆ ಅವನೇ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದ. ನೀಲವ್ವನ ಮನೆಗೆ ನಿನ್ನೆ ಸಂಜೆಯೇ ಹೊಸ ಸೊಸೆ ಪಾರವ್ವ ಕಾಲಿಟ್ಟಿದ್ದಳಂತೆ. ಹೊಸ್ತಿಲ ಮೇಲಿನ ಅಕ್ಕಿ ಸೇರನ್ನು ಬಲಗಾಲಿಂದ ಒದ್ದು ಒಳಗೆ ಬರುವುದಕ್ಕೂ ಆಕಾಶ ಉರಿಯುವುದಕ್ಕೂ ಸರಿಹೋಯಿತಂತೆ. ಮನೆಯ ಒಂದು ಕಡ್ಡಿಯೂ ಸುಟ್ಟಿಲ್ಲ. ಆದರೇನು, ಮಠದವರೇ ಕಂಡಿದ್ದಾರಲ್ಲ! ಹುಡುಗಿಯ ಕಾಲ್ಗುಣ ನೆಟ್ಟಗಿಲ್ಲ ಎಂದು ಊರೆಲ್ಲ ಆಡಿಕೊಂಡಿತ್ತು. ಮಧ್ಯಾಹ್ನದೊಳಗೆ ಅವಳನ್ನು ತವರಿಗೆ ಸಾಗಹಾಕುತ್ತಾರಂತೆ.

ಈರಭದ್ರ ಓಡಿಹೋಗಿ ಅಜ್ಜಾರ ಕಾಲು ಹಿಡಿದ. ನೀವು ಬಂದು ಒಂದು ಮಾತು ಹೇಳಿದರೆ ಅವರು ಕೇಳುತ್ತಾರೆ ಎಂದು ಅಂಗಲಾಚಿದ.

"ನಾನು ಕಂಡಿಲ್ಲವಲ್ಲೋ" ಎಂದರು ಅಜ್ಜಾರು. "ಕಂಡವನು ನೀನು."

ಅವನನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿ, ಬೆಂಕಿ ಮರೆಯಾದ ಮೇಲೆ ಸದ್ದೇನಾದರೂ ಬಂತೇ ಎಂದು ಕೇಳಿದರು. ಬಂತು, ಗುಡುಗಿನಂತೆ, ಎಂದ. ಎಷ್ಟು ಹೊತ್ತಿಗೆ? ಅವನು ನೆನಪು ಮಾಡಿಕೊಂಡ. ಬಾಯಿ ಬಿಟ್ಟುಕೊಂಡು ನಿಂತಿದ್ದ. ಆಮೇಲೆ ಕೊಡ ತುಂಬಿಸಿ, ಹೆಗಲಿಗೇರಿಸಿ, ಮೆಟ್ಟಿಲು ಹತ್ತಿದ್ದ. ಸದ್ದು ಬಂದದ್ದು ಆಗ.

ಅಜ್ಜಾರು ಕೋಲೆತ್ತಿ ಆಚೆ ದಂಡೆ ತೋರಿಸಿದರು. ನೀಲವ್ವನ ಮನೆಯ ಕೆಳಗೆ ಅಗಸನೊಬ್ಬ ಬಟ್ಟೆ ಒಗೆಯುತ್ತಿದ್ದ. ಬಟ್ಟೆ ಕಲ್ಲಿಗೆ ಬೀಳುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಸದ್ದು ಈಚೆಗೆ ಬರುತ್ತಿತ್ತು.

ಈರಭದ್ರ ಹತ್ತು ಸಲ ನೋಡಿದ. ಅಲ್ಲಿಂದ ಸದ್ದು ಬರಲು ಇಷ್ಟೇ ಹೊತ್ತು ಸಾಕು. ನಿನ್ನೆ ತಾನು ಕೇಳಿದ ಸದ್ದು ಒಂದು ಕೊಡ ತುಂಬುವಷ್ಟು ಹೊತ್ತು ತೆಗೆದುಕೊಂಡಿತ್ತು. ಹಾಗಾದರೆ ಆ ಬೆಂಕಿ ಗುಡ್ಡಗಳನ್ನೂ ದಾಟಿ ಎಲ್ಲೋ ದೂರದಲ್ಲಿತ್ತು.

"ಅಜ್ಜಾರೇ, ಬಿದ್ದದ್ದನ್ನು ನಾನು ನೋಡೇ ಇಲ್ಲ. ಮರೆಯಾದದ್ದನ್ನಷ್ಟೇ ನೋಡಿದೆ."

"ಹರಿಗೋಲು ಹೊರಡುತ್ತದೆ ನೋಡು" ಎಂದರು ಅಜ್ಜಾರು.

ನೀಲವ್ವನ ಅಂಗಳದಲ್ಲಿ ಎತ್ತು ಹೂಡಿಯಾಗಿತ್ತು. ಪಾರವ್ವ ತಲೆ ತಗ್ಗಿಸಿ ಗಾಡಿಯಲ್ಲಿ ಕೂತಿದ್ದಳು. ಈರಭದ್ರನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೂ ನೆರೆದವರೆಲ್ಲರ ಎದುರು ಕೊಡದ ಕಥೆ, ಅಗಸನ ಕಥೆ ಹೇಳಿದ. ಹತ್ತು ಜನ ತನ್ನ ಮಾತು ಕೇಳಲಿ ಎಂಬ ಆಸೆಗೆ ಕಾಣದ್ದನ್ನು ಕಂಡೆ ಅಂದೆ ಎಂದ. ನೀಲವ್ವ ಅವನನ್ನು ಮನಸಾರೆ ಬೈದಳು. ಮಠದ ಅನ್ನ ತಿಂದೂ ನಾಲಿಗೆ ಹಿಡಿತದಲ್ಲಿಲ್ಲವಲ್ಲ ಎಂದು ಮುಖಕ್ಕೆ ಮಂಗಳಾರತಿ ಎತ್ತಿದಳು.

ಆಗ ಗಾಡಿಯಿಂದ ಸಣ್ಣ ದನಿ ಬಂತು.

"ನಾನೂ ನೋಡಿದೆ, ಅತ್ತೆ. ಭಾಳ ಎತ್ತರದಲ್ಲಿತ್ತು. ನಮ್ಮ ಮನೆ ದಾಟಿ ಗುಡ್ಡದಾಚೆ ಹೋಯಿತು. ಎಷ್ಟು ಚೆಂದ ಇತ್ತು! ಯಾರೂ ನನ್ನ ಕೇಳಲಿಲ್ಲ."

ನಮ್ಮ ಮನೆ ಎಂಬ ಮಾತಿಗೆ ನೀಲವ್ವ ಗಾಡಿಯತ್ತ ತಿರುಗಿದಳು. ಸೊಸೆಯ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಎತ್ತು ಬಿಚ್ಚಿ ಎಂದು ಹೇಳಿ, ಅವಳ ಕೈ ಹಿಡಿದು ಇಳಿಸಿಕೊಂಡು, ಅದು ಯಾವ ಬಣ್ಣದ್ದಿತ್ತು ಎಂದು ಕೇಳುತ್ತಲೇ ಒಳಗೆ ಕರೆದುಕೊಂಡು ಹೋದಳು.

ಆ ಸಂಜೆ ಈರಭದ್ರನ ಸರದಿ ಬಂದಾಗ, ಗಾಡಿಯ ಎತ್ತು ಬಿಚ್ಚಿದ್ದನ್ನು ಕಂಡೆ ಎಂದಷ್ಟೇ ಹೇಳಿದ. ಎಲ್ಲರೂ ಎದ್ದುಹೋದ ಮೇಲೂ ಅವನು ಕೂತೇ ಇದ್ದ. ಒಂದು ಪ್ರಶ್ನೆ ಉಳಿದಿತ್ತು.

"ಅಜ್ಜಾರೇ, ಹಾಗಾದರೆ ಆ ಬೆಂಕಿ ಬಿದ್ದದ್ದಾದರೂ ಎಲ್ಲಿ?"

ಅಜ್ಜಾರು ದೀಪದ ಬತ್ತಿ ಸರಿಮಾಡಿದರು.

"ನೀನು ಹೇಳಿದ ಮನೆಯ ಮೇಲೇ ಬಿದ್ದಿತ್ತಲ್ಲೋ. ಇವತ್ತು ನೀನೇ ಹೋಗಿ ಎತ್ತಿಕೊಂಡು ಬಂದೆ."