ರೊಟ್ಟಿ ಬಡಿದ ಪೈಲ್ವಾನ

ಬಿಳೇಹಾಳದ ಮಠ ಅಂದ ಕೂಡಲೇ ಕಮಾನು, ಗೋಪುರ, ಬೆಳ್ಳಿಯ ಬಾಗಿಲು ಅಂತ ಯಾರೂ ಊಹಿಸಿಕೊಳ್ಳಬಾರದು. ಅದು ಮಣ್ಣಿನ ಮಾಳಿಗೆಯ ನಾಲ್ಕು ಅಂಕಣದ ಮನೆ. ಅದರಲ್ಲಿ ಮೂರು ಅಂಕಣ ಅಡುಗೆಗೇ ಹೋಗಿದ್ದವು. ಉಳಿದ ಒಂದರಲ್ಲಿ ದೇವರು, ಭಕ್ತರು ಮತ್ತು ಜೋಳದ ಚೀಲಗಳು ಹೇಗೋ ಹೊಂದಿಕೊಂಡು ಇರಬೇಕಾಗಿತ್ತು. ಪರಮಪೂಜ್ಯ ಶಿವಮುನಿ ಅಜ್ಜನವರು ಅಲ್ಲಿಯೂ ಕೂಡುತ್ತಿರಲಿಲ್ಲ. ಅಡುಗೆಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ಗೋಣಿತಟ್ಟು, ಅದೇ ಅವರ ಸಿಂಹಾಸನ. ಮುಂದೆ ಒಂದು ಮೊರ, ಮೊರದಲ್ಲಿ ತೊಗರಿಬೇಳೆ. ಅಜ್ಜನವರು ದಿನವೆಲ್ಲ ಅದರಲ್ಲಿಯ ಹರಳು ಆರಿಸುತ್ತಿದ್ದರು. ದೂರದಿಂದ ವಾದ ಮಾಡಲು ಬಂದ ಪಂಡಿತರಿಗೂ ಒಂದು ಹಿಡಿ ಬೇಳೆ ಮುಂದೆ ಸುರಿದು, "ಮಾತಾಡ್ತಾ ಆರಿಸ್ರಿ" ಅನ್ನುತ್ತಿದ್ದರು. ಎಷ್ಟೋ ಪಂಡಿತರ ವಾದ ಬೇಳೆ ಮುಗಿಯುವುದರೊಳಗೆ ಮುಗಿದುಹೋಗಿದೆ.

ಒಂದು ದಿನ ಬೆಳಿಗ್ಗೆ ಈ ಹೊಸ್ತಿಲಿಗೆ ಪೇಟೆಯ ಗರಡಿಯ ಪೈಲ್ವಾನ ಫಕೀರಪ್ಪ ಬಂದ. ಬಂದ ಅಂದರೆ ಸುಮ್ಮನೆ ಬರಲಿಕ್ಕಾಗಲಿಲ್ಲ, ಆ ಬಾಗಿಲಲ್ಲಿ ಅವನ ಭುಜ ಹಿಡಿಸದೆ ಅಡ್ಡಡ್ಡ ತಿರುಗಿ ಒಳಗೆ ಬಂದ. ಕೊರಳಲ್ಲಿ, ರಟ್ಟೆಯಲ್ಲಿ, ಸೊಂಟದಲ್ಲಿ ಎಲ್ಲ ಸೇರಿ ಒಂಬತ್ತು ತಾಯಿತಗಳಿದ್ದವು. ದರ್ಗಾದ್ದು ಎರಡು, ಗುಡ್ಡದವ್ವನದು ಮೂರು, ಉಳಿದವು ಯಾರು ಯಾರೋ ಕಟ್ಟಿದ್ದು. ಅಡ್ಡಬಿದ್ದಾಗ ಅವೆಲ್ಲ ನೆಲಕ್ಕೆ ತಾಗಿ ಕಿಣಿಕಿಣಿ ಅಂದವು.

ಪಾಪ, ಅವನ ಸಂಕಟ ದೊಡ್ಡದೇ ಇತ್ತು. ಗರಡಿಯ ಅಂಗಳದಲ್ಲಿ ಹಿರೇಗುಂಡು ಅಂತ ಒಂದು ದುಂಡನೆಯ ಕಲ್ಲು. ಪ್ರತಿ ವರ್ಷ ಕಾರಹುಣ್ಣಿವೆ ಹಬ್ಬದ ದಿನ ಪೇಟೆಯ ಜನರೆಲ್ಲ ಸೇರಿದಾಗ ಅದನ್ನು ತಬ್ಬಿ ಎತ್ತಿ, ಮೊಣಕಾಲಿಗೆ ತಂದು, ಎದೆಗೆ ಏರಿಸಿ, ಹೆಗಲು ದಾಟಿಸಿ ಹಿಂದಕ್ಕೆ ಒಗೆಯಬೇಕು. ಫಕೀರಪ್ಪ ಅದನ್ನು ದಿನಾ ಬೆಳಿಗ್ಗೆ ಯಾರೂ ಇಲ್ಲದಾಗ ಮೂರು ಸಲ ಒಗೆಯುತ್ತಿದ್ದ. ಕಾರಹುಣ್ಣಿವೆಯ ದಿನ ಮಾತ್ರ ಕಲ್ಲು ಮೊಣಕಾಲ ತನಕ ಬಂದು ಮರಳಿ ನೆಲಕ್ಕೆ ಹೋಗುತ್ತಿತ್ತು. ಮೂರು ವರ್ಷವೂ ಅದೇ ಹಾಡು.

ಮೊದಲನೆಯ ವರ್ಷ ಒಂದು ಘಟನೆ ನಡೆದಿತ್ತು. ಕಲ್ಲು ಮೊಣಕಾಲಿಗೆ ಬರುವ ಹೊತ್ತಿಗೆ ಅವನ ಧೋತರದ ಕಚ್ಚೆ ಬಿಚ್ಚಿತು, ಕಲ್ಲು ಕೈಜಾರಿತು. ಒಳಗೆ ಲಂಗೋಟಿ ಬಿಗಿಯಾಗಿ ಇತ್ತು, ಮಾನಕ್ಕೇನೂ ಧಕ್ಕೆ ಆಗಲಿಲ್ಲ. ಆದರೆ ನೆರೆದ ಜನ ಸುಮ್ಮನಿದ್ದಾರೆಯೇ? ಮಾಳಿಗೆಯ ಮೇಲಿನ ಹೆಣ್ಣುಮಕ್ಕಳು ಸಹಿತ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಂದಿನಿಂದ ಫಕೀರಪ್ಪ ಜನರ ಮುಂದೆ ಕಲ್ಲಿಗೆ ಕೈ ಹಚ್ಚಿದ ಕೂಡಲೇ ಅವನ ಕಿವಿಯಲ್ಲಿ ಆ ನಗು ಶುರುವಾಗುತ್ತಿತ್ತು. ಯಾರೂ ನಗದಿದ್ದರೂ ಶುರುವಾಗುತ್ತಿತ್ತು. ಕೈಕಾಲು ತಣ್ಣಗಾಗುತ್ತಿದ್ದವು. ಅವನು ಇದನ್ನು ಮಾಟ ಅಂತ ತಿಳಿದ. ತಾಯಿತ ಕಟ್ಟಿಸಿದ. ಮರುವರ್ಷ ಸೋತ, ಇನ್ನಷ್ಟು ಕಟ್ಟಿಸಿದ.

ಗರಡಿಯ ಗುರು ವಸ್ತಾದ ಮೌಲಾಸಾಬರು ಈ ಸಲ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. "ನನಗ ಎಪ್ಪತ್ತು ಆತು. ಹಿರೇಗುಂಡು ಹೆಗಲು ದಾಟಿಸಿದವನ ಕೈಯಾಗ ಗರಡಿ ಕೊಡೂದು ನಮ್ಮ ಹಿರ್ಯಾರ ಪದ್ಧತಿ. ನಿನ್ನ ಬಿಟ್ರ ಅದನ್ನ ಅಲುಗಾಡಿಸೋ ಗಂಡಸು ಇಲ್ಲಿ ಯಾರೂ ಇಲ್ಲ. ಈ ಕಾರಹುಣ್ಣಿವಿಗೂ ನೀ ಕೈ ಬಿಟ್ಟಿ ಅಂದ್ರ ಬಾಗಲಕ್ಕ ಕೀಲಿ ಹಾಕ್ತೀನಿ. ಮುಗೀತು." ಹನ್ನೆರಡನೆಯ ವಯಸ್ಸಿನಿಂದ ಆ ಗರಡಿಯ ಕೆಂಪು ಮಣ್ಣಿನಲ್ಲಿ ಹೊರಳಾಡಿ ಬೆಳೆದ ಫಕೀರಪ್ಪನಿಗೆ ಬೇರೆ ಮನೆಯೇ ಇರಲಿಲ್ಲ. ಆ ಮಾತು ಕೇಳಿ ಅವನಿಗೆ ಊಟ ಸೇರದಂತಾಯಿತು. ಅವನಿಗೆ ಊಟ ಸೇರಲಿಲ್ಲ ಅಂದರೆ ಅದು ಸಣ್ಣ ಸುದ್ದಿಯಲ್ಲ.

ಇದನ್ನೆಲ್ಲ ಅಜ್ಜನವರ ಮುಂದೆ ತೋಡಿಕೊಂಡು, "ಹತ್ತನೇ ತಾಯಿತ ನೀವ ಕಟ್ಟಬೇಕ್ರಿ ಅಜ್ಜಾರ. ಇಲ್ಲಾ ಒಂದು ಮಂತ್ರನಾದ್ರೂ ಕೊಡ್ರಿ" ಅಂತ ಬೇಡಿಕೊಂಡ.

ಅಜ್ಜನವರು ಬೇಳೆಯಿಂದ ಕಣ್ಣು ತೆಗೆಯಲಿಲ್ಲ. "ಕಲ್ಲು ಎತ್ತುವಾಗ ನೀ ಎಲ್ಲಿರ್ತಿ?"

"ಕಣದಾಗ ಇರ್ತೀನ್ರಿ."

"ಇರೂದಿಲ್ಲ" ಅಂದರು ಅಜ್ಜನವರು. ಆಮೇಲೆ ಒಳಗಿನವರಿಗೆ, "ಸಾಂತವ್ವಾ, ಇವನ್ನ ರೊಟ್ಟಿಗೆ ಕೂಡಿಸಿಕೋ" ಅಂದರು.

ಸಾಂತವ್ವ ಮಠದ ಅಡುಗೆಯ ಯಜಮಾನಿ. ಅರವತ್ತು ದಾಟಿದ ಸಣ್ಣಕಾಯದ ಮುದುಕಿ, ಬಾಯಿ ಮಾತ್ರ ಬಲು ದೊಡ್ಡದು. ಅವಳ ಸುತ್ತ ಐದಾರು ಹೆಣ್ಣುಮಕ್ಕಳು ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿಯುತ್ತಿದ್ದರು. ಫಕೀರಪ್ಪ ತಾಯಿತಗಳನ್ನು ಮುಟ್ಟಿಕೊಂಡು, "ಇವನ್ನ ಬಿಚ್ಚಬೇಕೇನ್ರಿ?" ಅಂತ ಕೇಳಿದ. ಇದರಲ್ಲಿ ಏನೋ ಗೂಢಾರ್ಥವಿರಬೇಕು ಅಂತ ಅವನ ಎಣಿಕೆ.

"ಬಿಚ್ಚು" ಅಂದರು ಅಜ್ಜನವರು. "ಹಿಟ್ಟಿನಾಗ ಬಿದ್ದಾವು."

ಹೀಗೆ ಒಂಬತ್ತು ತಾಯಿತಗಳು ಗೋಡೆಯ ಗೂಟಕ್ಕೆ ಹೋದವು, ಪೈಲ್ವಾನ ರೊಟ್ಟಿಯ ಹಲಗೆಯ ಮುಂದೆ ಕುಳಿತ. ಬಿಸಿ ಎಸರಿನಲ್ಲಿ ನಾದಿದ ಹಿಟ್ಟಿನ ಉಂಡೆ ಅವನ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಕಂಡಿತು. ಮೊದಲನೆಯ ಏಟಿಗೇ ಅದು ಹಲಗೆಗೆ ಅಂಟಿ ಸತ್ತುಹೋಯಿತು. ಎರಡನೆಯದರ ಅಂಚು ನಾಲ್ಕು ಕಡೆ ಬಿರಿಯಿತು. ಮೂರನೆಯದನ್ನು ಹಂಚಿನ ಮೇಲೆ ಹಾಕಲು ಎತ್ತಿದಾಗ ಅರ್ಧ ಕೈಯಲ್ಲಿ ಉಳಿಯಿತು, ಅರ್ಧ ಒಲೆಯಲ್ಲಿ ಬಿತ್ತು. ಹೆಣ್ಣುಮಕ್ಕಳು ಎಷ್ಟು ಹೊತ್ತು ತಡೆದುಕೊಂಡಾರು. ಒಬ್ಬಳು ಕಿಸಕ್ಕಂದಳು, ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಫಕೀರಪ್ಪನ ಮುಖ ಸಣ್ಣದಾಯಿತು. ಯಾವ ನಗುವಿಗೆ ಹೆದರಿ ಇಲ್ಲಿಗೆ ಬಂದಿದ್ದನೋ ಅದೇ ನಗು ಒಲೆಯ ಮುಂದೆಯೂ ಕುಳಿತಿತ್ತು. ಅವನು ಎದ್ದು ಗೂಟದ ಕಡೆ ಹೊರಟ.

ಅಜ್ಜನವರು ತಲೆ ಎತ್ತದೆ ಹೇಳಿದರು. "ನಗೂದು ಅವರ ಕೆಲಸ. ರೊಟ್ಟಿ ನಿನ್ನ ಕೆಲಸ. ಅವರ ಕೆಲಸ ನೀ ಯಾಕ ಮಾಡ್ತಿ?"

ಆ ಮಾತಿಗೆ ಏನು ಶಕ್ತಿಯಿತ್ತೋ, ಅವನು ಗೂಟ ಮುಟ್ಟುವ ಮುಂಚೆಯೇ ನಿಂತ. ನಿಂತು ಎರಡು ನಿಮಿಷ ತಲೆ ಕೆರೆದುಕೊಂಡ. ಮತ್ತೆ ಬಂದು ಕುಳಿತ. ಮಹಾತ್ಮರ ಮಾತು ಹೀಗೇ ಇರುತ್ತದೆ, ಕೇಳಿದಾಗ ಏನೂ ಅನ್ನಿಸುವುದಿಲ್ಲ, ಕಾಲು ಮಾತ್ರ ಮುಂದೆ ಹೋಗುವುದಿಲ್ಲ.

ಆ ಅಡುಗೆಮನೆಯಲ್ಲಿ ಸಾಂತವ್ವನ ಕಾನೂನು ಒಂದಿತ್ತು. ಹರಿದ ರೊಟ್ಟಿ ಭಕ್ತರ ಪಂಕ್ತಿಗೆ ಹೋಗಕೂಡದು, ಬಡಿದವರೇ ಅದನ್ನು ತಿನ್ನಬೇಕು. ಫಕೀರಪ್ಪ ಮೊದಲ ದಿನ ಇಪ್ಪತ್ತಾರು ತಿಂದ. ಎರಡನೆಯ ದಿನ ಇಪ್ಪತ್ತೆರಡು. ಅದು ಶಿಕ್ಷೆ ಅಂತ ಅವನಿಗೆ ನಾಲ್ಕನೆಯ ದಿನದವರೆಗೂ ಗೊತ್ತಾಗಲಿಲ್ಲ. ಮಠದಲ್ಲಿ ಎಂಥ ಉಪಚಾರ ಅಂತ ಮನಸ್ಸಿನಲ್ಲೇ ಕೊಂಡಾಡುತ್ತಿದ್ದ. ಸಾಂತವ್ವ ಹಿಂಡಿ ಚಟ್ನಿ, ಮೊಸರು ಕೊಡುವುದನ್ನು ನಿಲ್ಲಿಸಿ ಬರೀ ಒಣ ರೊಟ್ಟಿ ಮುಂದಿಟ್ಟಾಗ ವಿಷಯ ತಿಳಿಯಿತು.

ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟು ಇಲ್ಲ ನೋಡಿ. ಅಂಗೈ ಒಂದೇ ಹದದಲ್ಲಿ ಬೀಳಬೇಕು, ಬೆರಳು ಅಂಚನ್ನು ಸವರುತ್ತ ತಿರುಗಿಸಬೇಕು. ಕೈ ಇಲ್ಲಿ, ಮನಸ್ಸು ಸಂತೆಯಲ್ಲಿ ಅಂದರೆ ಅಂಚು ಬಿರಿಯಿತು ಅಂತಲೇ ತಿಳಿಯಬೇಕು. ಸಾಂತವ್ವ ಬಿರಿದ ಅಂಚು ನೋಡಿಯೇ ಹೇಳುತ್ತಿದ್ದಳು. "ಈಗ ಯಾರ ಜೋಡಿ ಜಗಳ ಆಡಿದ್ಯೋ ತಮ್ಮಾ?" ಫಕೀರಪ್ಪ ಬೆರಗಾಗುತ್ತಿದ್ದ. ನಿಜಕ್ಕೂ ಅವನು ಆಗ ತಾನೇ ಮನಸ್ಸಿನಲ್ಲಿ ಮಾಳಿಗೆಯ ಮೇಲಿನ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳಿ ಬಂದಿರುತ್ತಿದ್ದ.

ಅಜ್ಜನವರಿಗೆ ಅಂಚು ನೋಡುವುದೂ ಬೇಕಿರಲಿಲ್ಲ. ಹೊಸ್ತಿಲಲ್ಲಿ ಕುಳಿತು ಬಡಿಯುವ ಸಪ್ಪಳ ಕೇಳುತ್ತಿದ್ದರು. ಟಪ್ ಟಪ್ ಅಂತ ಸರಿಯಾಗಿ ಬೀಳುತ್ತಿದ್ದ ಕೈ ಒಂದು ಚೂರು ತಪ್ಪಿದರೆ ಸಾಕು, "ಬಂದ್ಯಾ?" ಅನ್ನುತ್ತಿದ್ದರು. ಬೈಗುಳವಿಲ್ಲ, ಉಪದೇಶವಿಲ್ಲ, ಅಷ್ಟೇ ಮಾತು. ಎಲ್ಲೋ ಹೋಗಿದ್ದ ಫಕೀರಪ್ಪ ದಡಬಡಿಸಿ, "ಬಂದ್ನಿರೀ ಅಜ್ಜಾರ" ಅನ್ನುತ್ತಿದ್ದ. ದಿನಕ್ಕೆ ನೂರು ಸಲ ಹೋಗುತ್ತಿದ್ದ, ನೂರು ಸಲ ಬರುತ್ತಿದ್ದ.

ಒಂದು ವಾರದ ನಂತರ ಅವನಿಗೆ ಅಳು ಬಂತು. "ಅಜ್ಜಾರ, ನನ್ನ ಮನಸ್ಸು ಒಂದ ಕಡೆ ನಿಲ್ಲೂದ ಇಲ್ರಿ. ನಾ ಇದಕ್ಕ ತಕ್ಕವಲ್ಲ."

"ಹೋಗೂದು ಅದರ ಗುಣ" ಅಂದರು ಅಜ್ಜನವರು. "ನಿನಗ ಬರೂದು ಗೊತ್ತಿದ್ರ ಸಾಕು."

ಮೌಲಾಸಾಬರಿಗೆ ಈ ಸುದ್ದಿ ಮುಟ್ಟಿತು. ಸಾಮು ಮಾಡಬೇಕಾದ ಹೊತ್ತಿನಲ್ಲಿ ಶಿಷ್ಯ ಹೆಂಗಸರ ನಡುವೆ ರೊಟ್ಟಿ ಬಡಿಯುತ್ತಿದ್ದಾನೆ ಅಂತ ಕೇಳಿ ಅವರು ಸಿಟ್ಟಿನಿಂದ ಮಠಕ್ಕೇ ನಡೆದು ಬಂದರು. ಅಜ್ಜನವರು ಅವರನ್ನೂ ಗೋಣಿತಟ್ಟಿನ ಮೇಲೆ ಕೂಡಿಸಿ ಒಂದು ಹಿಡಿ ಬೇಳೆ ಮುಂದೆ ಹಾಕಿದರು. ವಸ್ತಾದರು ಕಾಲು ಗಂಟೆ ಹರಳು ಆರಿಸಿದರು. ಏನು ಬೈಯಲು ಬಂದಿದ್ದರೋ ಅದು ನೆನಪಾಗದೆ, "ಹುಡುಗ ಸೊರಗಬಾರದು ನೋಡ್ರಿ" ಅಂತ ಹೇಳಿ ಎದ್ದುಹೋದರು. ಹುಡುಗ ಸೊರಗುವ ಲಕ್ಷಣವೇನೂ ಇರಲಿಲ್ಲ.

ದಿನಗಳು ಉರುಳಿದವು. ಬೆಳಗಿನ ಜಾವ ಗರಡಿಯಲ್ಲಿ ಕಲ್ಲು, ಹೊತ್ತು ಏರಿದ ಮೇಲೆ ಮಠದಲ್ಲಿ ರೊಟ್ಟಿ. ಹರಿದವು ಹತ್ತಕ್ಕೆ ಇಳಿದವು, ಆಮೇಲೆ ನಾಲ್ಕಕ್ಕೆ. ಹೆಣ್ಣುಮಕ್ಕಳ ನಗು ಮಾತ್ರ ಇಳಿಯಲಿಲ್ಲ. ಅವರಿಗೆ ನಗಲು ಕಾರಣವೇ ಬೇಕಿರಲಿಲ್ಲ ಅಂತ ಫಕೀರಪ್ಪನಿಗೆ ನಿಧಾನಕ್ಕೆ ತಿಳಿಯಿತು. ಕಾರಹುಣ್ಣಿವೆಗೆ ಮೂರು ದಿನ ಇರುವಾಗ ಅವನ ಕೈ ಒಂದು ಏಟು ತಪ್ಪಿತು. ಅಜ್ಜನವರು ಬಾಯಿ ತೆರೆಯುವ ಮುಂಚೆಯೇ ಅವನು ತನ್ನಷ್ಟಕ್ಕೆ, "ಬಂದೆ" ಅಂದ. ಅಜ್ಜನವರು ಮೊರ ಕೆಳಗಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸಾಂತವ್ವಾ, ಇವಗ ತುಪ್ಪ ಹಾಕು" ಅಂದರು.

ಕಾರಹುಣ್ಣಿವೆ ಬಂತು. ಗರಡಿಯ ಅಂಗಳ, ಸುತ್ತಲಿನ ಮಾಳಿಗೆ, ಬೇವಿನ ಮರದ ಟೊಂಗೆ ಎಲ್ಲ ಜನ. ಹಲಗೆ ವಾದ್ಯ ಬಡಿಯುವವರು ಮೈಮೇಲೆ ಬಂದವರ ಹಾಗೆ ಬಡಿಯುತ್ತಿದ್ದರು. ಮೌಲಾಸಾಬರು ಬೀಗ ಮತ್ತು ಕೀಲಿಯನ್ನು ಜನರಿಗೆ ಕಾಣುವ ಹಾಗೆ ಕಟ್ಟೆಯ ಮೇಲೆ ಇಟ್ಟು ಕುಳಿತಿದ್ದರು. ಫಕೀರಪ್ಪ ಕಣಕ್ಕೆ ಬಂದ. ಮೈಮೇಲೆ ಒಂದೂ ತಾಯಿತವಿಲ್ಲ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈ ಹಚ್ಚಿದ.

ಹಚ್ಚಿದ್ದೇ ತಡ, ಕಿವಿಯಲ್ಲಿ ಹಳೆಯ ನಗು ಶುರುವಾಯಿತು. ಅದೇ ಮಾಳಿಗೆ, ಅದೇ ಸೆರಗು. ಕೈ ತಣ್ಣಗಾಗತೊಡಗಿತು. ಕಟ್ಟೆಯ ಮೇಲಿನ ಬೀಗ ಕಣ್ಣಿಗೆ ಬಿತ್ತು. ಗರಡಿ ಹೋಯಿತು ಅನ್ನಿಸಿತು.

"ಬಂದೆ" ಅಂದ ಫಕೀರಪ್ಪ, ಸ್ವಲ್ಪ ಗಟ್ಟಿಯಾಗಿಯೇ.

ಮುಂದಿನ ಸಾಲಿನವರು ಯಾರಿಗೆ ಹೇಳಿದ ಅಂತ ಹಿಂದೆ ಮುಂದೆ ನೋಡಿದರು. ಅವನ ಅಂಗೈ ತನಗೆ ತಾನೇ ಕಲ್ಲಿನ ಮೇಲೆ ಟಪ್ ಟಪ್ ಅಂತ ಬಿತ್ತು, ಬೆರಳು ಕಲ್ಲಿನ ಅಂಚು ಸವರಿ ತಿರುಗಿತು. ಆರು ವಾರದ ರೂಢಿ, ಏನು ಮಾಡುತ್ತೀರಿ. ಮಾಳಿಗೆಯ ಮೇಲೆ ಒಬ್ಬಳು ಗುರುತು ಹಿಡಿದು, "ಅಯ್ಯ, ರೊಟ್ಟಿ ಬಡ್ಯಾಕತ್ಯಾನ ನೋಡ್ರೇ" ಅಂದಳು. ಇಡೀ ಅಂಗಳ ಗೊಳ್ಳೆಂದು ನಕ್ಕಿತು. ಮೂರು ವರ್ಷ ಅವನು ಹೆದರಿದ್ದ ನಗು ಈ ಸಲ ನಿಜವಾಗಿಯೇ ಬಂದಿತ್ತು, ಅದೂ ಮೊದಲಿಗಿಂತ ಹತ್ತು ಪಾಲು ಜಾಸ್ತಿ. ವಸ್ತಾದರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಫಕೀರಪ್ಪನಿಗೆ ಅದು ಕೇಳಿಸಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೇಳಿಸಿತು. ಅವರ ಕೆಲಸ ಅವರು ಮಾಡುತ್ತಿದ್ದಾರೆ ಅನ್ನಿಸಿತು. ಅವನ ಮುಂದೆ ಕಲ್ಲಿತ್ತು, ಕಲ್ಲು ಬಿಸಿಲಿಗೆ ಬೆಚ್ಚಗಿತ್ತು, ಎಡಗೈ ಕೆಳಗೆ ಹಿಡಿಯಲು ಒಂದು ತಗ್ಗಿತ್ತು. ಇಷ್ಟು ದಿನ ಎತ್ತಿದರೂ ಆ ತಗ್ಗನ್ನು ಅವನು ಗಮನಿಸಿರಲೇ ಇಲ್ಲ. ಕಲ್ಲು ಮೊಣಕಾಲಿಗೆ ಬಂತು. ಮೊಣಕಾಲು ಬಿಟ್ಟು ಎದೆಗೆ ಬಂತು. ಆಗ ಸೊಂಟದ ಹತ್ತಿರ ಏನೋ ಸಡಿಲಾದ ಹಾಗಾಯಿತು. ಮನಸ್ಸು ಒಮ್ಮೆ ಕಚ್ಚೆಯ ಕಡೆ ಓಡಿತು, ಮರಳಿ ಬಂತು. ಫಕೀರಪ್ಪ ಉಸಿರು ಬಿಗಿಹಿಡಿದು ಒಂದು ಸಲ ಹೂಂಕರಿಸಿದ. ಹಿರೇಗುಂಡು ಹೆಗಲು ದಾಟಿ ಬೆನ್ನ ಹಿಂದೆ ಧಡ್ ಅಂತ ಬಿದ್ದು ನೆಲದಲ್ಲಿ ಒಂದು ಗೇಣು ಹೂತುಕೊಂಡಿತು.

ನಗುತ್ತಿದ್ದ ಜನ ನಗು ಮುಗಿಸಲಿಕ್ಕೂ ಆಗದೆ ಬಾಯಿ ತೆರೆದುಕೊಂಡೇ ನಿಂತರು. ಆ ನಿಶ್ಶಬ್ದದಲ್ಲಿ ಫಕೀರಪ್ಪನ ಧೋತರ ಸಾವಕಾಶವಾಗಿ ಕೆಳಗೆ ಇಳಿಯಿತು. ಅವನು ಬಗ್ಗಿ ಅದನ್ನು ಎತ್ತಿಕೊಂಡು, ಮಣ್ಣು ಝಾಡಿಸಿ, ಲಂಗೋಟಿಯಲ್ಲಿಯೇ ನಿಂತು ಮಾಳಿಗೆಯ ಕಡೆ ನೋಡಿದ. ಮೊದಲು ನಕ್ಕವನು ಅವನೇ. ಆಮೇಲೆ ಇಡೀ ಪೇಟೆ ಅವನ ಜೊತೆ ನಕ್ಕಿತು. ಮೌಲಾಸಾಬರು ಕಟ್ಟೆಯಿಂದ ಇಳಿದು ಬಂದು ಶಿಷ್ಯನನ್ನು ತಬ್ಬಿಕೊಂಡರು, ಮುದುಕರ ಗಡ್ಡವೆಲ್ಲ ತೊಯ್ದಿತ್ತು.

ಅಜ್ಜನವರಿಗೆ ಈ ಸುದ್ದಿ ಹೇಳಲು ಜನ ಓಡೋಡಿ ಬಂದಾಗ ಅವರು, "ಹೌದಾ?" ಅಂದು ಬೇಳೆ ಆರಿಸುವುದನ್ನು ಮುಂದುವರಿಸಿದರು. ಇಂಥ ಗುರುಗಳ ಪಾದಕ್ಕೆ ಎಷ್ಟು ಸಲ ನಮಿಸಿದರೂ ಕಡಿಮೆಯೇ. ಅವರು ಆ ಕಲ್ಲನ್ನು ಒಮ್ಮೆಯೂ ಕಣ್ಣಿನಿಂದ ನೋಡಿದವರಲ್ಲ.

ಗರಡಿಯ ಅಧಿಕಾರ ಕೊಡುವ ದಿನ ಮೌಲಾಸಾಬರು ಬಾಗಿಲ ಮೇಲೆ ಹಚ್ಚಲು ಹೊಸ ಬೋರ್ಡು ತರಿಸಿದರು. ಬಣ್ಣದವನು ಕುಂಚ ಅದ್ದಿ ಹೆಸರು ಏನಂತ ಬರೆಯಲಿ ಅಂತ ಕೇಳಿದ. ವಸ್ತಾದರು ಎದೆಯುಬ್ಬಿಸಿ, "ಗಂಡುಗಲಿ ಪೈಲ್ವಾನ ಫಕೀರಪ್ಪ ಅಂತ ಬರಿ" ಅಂದರು. ಮೂರು ವರ್ಷ ಒಬ್ಬರು ಕಿಸಕ್ಕಂದರೆ ಕೈಕಾಲು ತಣ್ಣಗಾಗುತ್ತಿದ್ದ ಫಕೀರಪ್ಪ ಹಿಂದಿನಿಂದ ಬಂದು ಬಣ್ಣದವನ ಹೆಗಲ ಮೇಲೆ ಕೈಯಿಟ್ಟ.

"ಹಂಗ ಬರದ್ರ ಯಾರಿಗೂ ಗೊತ್ತಾಗೂದಿಲ್ಲೋ ಮಾರಾಯಾ" ಅಂದ. "ಊರಾಗ ಎಲ್ಲಾರೂ ಕರಿಯೂದು ಬರಿ. ರೊಟ್ಟಿ ಫಕೀರಪ್ಪ."