ಟಾರ್ಚಿನ ಉಂಗುರ ಮತ್ತು ಕೊಬ್ಬರಿ ಎಣ್ಣೆ

ಬಾವಿಯ ಹೂಳೆತ್ತುವ ತಿಪ್ಪಯ್ಯನ ಟಾರ್ಚಿನ ಮುಚ್ಚಳದಲ್ಲಿ ರಬ್ಬರ್ ಉಂಗುರವೊಂದಿತ್ತು. ಬಲ್ಬಿಗೆ ನೀರು ತಾಗದಂತೆ ಕಾಯುವುದು ಅದರ ಕೆಲಸ. ಉಂಗುರ ಒಣಗಿದಾಗ ಸಿಲಿಕೋನ್ ಗ್ರೀಸ್ ಬಂದು, "ನನ್ನನ್ನು ಸವರಿಕೊ. ಮೇಲೆಯೇ ಇರುತ್ತೇನೆ, ಒಳಗೆ ಬರುವುದಿಲ್ಲ" ಎಂದಿತು.

"ಅಬ್ಬಾ, ಬಿಗುಮಾನವೇ," ಎಂದಿತು ಕೊಬ್ಬರಿ ಎಣ್ಣೆ. "ನಾನು ಮನೆಯವಳು ಕಣಮ್ಮ. ತಲೆಗೂ ನಾನೇ, ಬಾಗಿಲ ತಿರುಗಣಿಗೂ ನಾನೇ."

ಉಂಗುರ ಎಣ್ಣೆಗೇ ಒಲಿಯಿತು. ಎಣ್ಣೆ ಒಳಗಿಳಿಯಿತು, ವಾರದಲ್ಲಿ ಉಂಗುರ ಉಬ್ಬಿತು.

"ಎಷ್ಟು ಮೈ ತುಂಬಿಕೊಂಡಿದ್ದೇನೆ ನೋಡು," ಎಂದಿತು ಉಂಗುರ ಬಲ್ಬಿಗೆ.

"ನಿನ್ನ ಜಾಗ ಮಾತ್ರ ಅಷ್ಟೇ ಇದೆಯಲ್ಲ," ಎಂದಿತು ಬಲ್ಬು.

ತಿಪ್ಪಯ್ಯ ಮುಚ್ಚಳ ತಿರುಗಿಸಿದಾಗ ಉಂಗುರ ಜಾಗ ತಪ್ಪಿ ತುಂಡಾಯಿತು. ಬಾವಿಗಿಳಿದಾಗ ಟಾರ್ಚಿನೊಳಗೆ ನೀರು ನುಗ್ಗಿ ಬಲ್ಬು ಸತ್ತಿತು. ತಿಪ್ಪಯ್ಯ ಕತ್ತಲಲ್ಲೇ ಹಗ್ಗ ತಡವುತ್ತ ಮೇಲೆ ಬಂದ.

ಹೊಸ ಉಂಗುರಕ್ಕೂ ಗ್ರೀಸ್ ಅದೇ ಮಾತು ಹೇಳಿತು.

"ಮೇಲೆಯೇ ಇರಿ, ಅಷ್ಟು ಸಾಕು," ಎಂದಿತು ಉಂಗುರ.